‘ಎತ್ತು’ ಅಂದರೆ ಸಾಲದು: ‘ಹೀವ್’ ಪದಕ್ಕೆ ಕನ್ನಡ ಹುಡುಕುವ ಬಗೆ

ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಚೀಲ ಲಾರಿಗೇರುವುದನ್ನು ಎರಡು ನಿಮಿಷ ನಿಂತು ನೋಡಿ. ಇಬ್ಬರು ಹಮಾಲರು ಎದುರುಬದುರು ನಿಂತು, ಮೊಣಕಾಲು ಮಡಚಿ, ಚೀಲದ ಎರಡೆರಡು ಮೂಲೆ ಹಿಡಿಯುತ್ತಾರೆ. ಚೀಲ ನೆಲ ಬಿಟ್ಟ ಕೂಡಲೇ ಲಾರಿಗೆ ಹೋಗುವುದಿಲ್ಲ. ಒಂದು ಸಲ ಹಿಂದಕ್ಕೆ ತೂಗುತ್ತಾರೆ, ಒಂದು ಸಲ ಮುಂದಕ್ಕೆ. ಮೂರನೆಯ ತೂಗಿಗೆ ಇಬ್ಬರ ಬಾಯಿಂದಲೂ ‘ಹೂಂ’ ಎಂದು ಉಸಿರು ಹೊರಬೀಳುತ್ತದೆ, ಚೀಲ ಮೇಲೆ ಹಾರಿ ದಡಕ್ಕನೆ ಲಾರಿಯೊಳಗೆ ಬೀಳುತ್ತದೆ. ಆಮೇಲೆ ಇಬ್ಬರೂ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾರೆ, ಎದೆ ಏರಿ ಇಳಿಯುತ್ತಿರುತ್ತದೆ.

ಇಂಗ್ಲಿಷಿನ ‘ಹೀವ್’ (heave) ಪದದ ಮುಕ್ಕಾಲು ಪಾಲು ಅರ್ಥ ಇಷ್ಟರಲ್ಲೇ ಇದೆ. ಕಷ್ಟಪಟ್ಟು ಎತ್ತುವುದು ಹೀವ್. ತೂಗಿ ಎಸೆಯುವುದು ಹೀವ್. ಆಮೇಲೆ ಎದೆ ಏರಿಳಿಯುವುದೂ ಹೀವ್. ನಿಘಂಟು ತೆರೆದರೆ ‘ಎತ್ತು, ಎಸೆ, ಉಬ್ಬು, ನಿಟ್ಟುಸಿರು ಬಿಡು, ಓಕರಿಸು’ ಎಂದು ಒಂದರ ಪಕ್ಕ ಒಂದು ಬರೆದಿರುತ್ತಾರೆ. ಅನುವಾದ ಕಲಿಯುವವರು ಮೊದಲನೆಯದನ್ನು ಹೆಕ್ಕಿಕೊಂಡು ಮುಂದೆ ಹೋಗುತ್ತಾರೆ, ಎಡವುವುದು ಅಲ್ಲೇ. ಈ ಅರ್ಥಗಳು ಬೇರೆಬೇರೆ ಅಲ್ಲ. ಭಾರದ ಒಂದು ವಸ್ತು ಬಲವಂತದಿಂದ ಮೇಲೇಳುವುದು ಎಲ್ಲಕ್ಕೂ ಸಾಮಾನ್ಯ. ಆ ವಸ್ತು ಚೀಲವೋ, ಎದೆಯೋ, ಕಡಲೋ, ಹೊಟ್ಟೆಯೋ ಎಂಬುದಷ್ಟೇ ಬದಲಾಗುತ್ತದೆ. ಕನ್ನಡದ ಕ್ರಿಯಾಪದ ಬದಲಾಗಬೇಕಾದ್ದೂ ಅದಕ್ಕೆ ತಕ್ಕಂತೆಯೇ.

ಮೊದಲು ಉಚ್ಚಾರ. ದೀರ್ಘ ‘ಹೀ’, ಕೊನೆಗೆ ಅರ್ಧ ‘ವ್’. ‘ಲೀವ್’, ‘ವೀವ್’ ಇದ್ದ ಹಾಗೆ. ‘ಹೆವಿ’ (heavy, ಭಾರವಾದ) ಎಂಬ ಪದದಲ್ಲೂ ಮೊದಲ ನಾಲ್ಕು ಅಕ್ಷರ ಇವೇ ಆದ್ದರಿಂದ ಮಕ್ಕಳು ‘ಹೆವ್’ ಎಂದು ಓದುತ್ತಾರೆ. ‘ಹೈವ್’ ಎಂದರಂತೂ ಜೇನುಗೂಡು ಆಗಿಬಿಡುತ್ತದೆ. ಹೆವಿ, ಹೀವ್ ಎರಡಕ್ಕೂ ಬೇರು ಒಂದೇ. ಹಳೆಯ ಇಂಗ್ಲಿಷಿನಲ್ಲಿ ಎತ್ತುವುದಕ್ಕೆ ‘ಹೆಬ್ಬನ್’ ಎಂಬ ಕ್ರಿಯಾಪದವಿತ್ತು, ಜರ್ಮನ್ನಿನಲ್ಲಿ ಈಗಲೂ ‘ಹೇಬೆನ್’ ಎಂದರೆ ಎತ್ತು. ಕನ್ನಡದಲ್ಲಿ ‘ಹೊರು’ವಿನಿಂದ ‘ಹೊರೆ’ ಬಂದ ಹಾಗೆ ಇಂಗ್ಲಿಷಿನಲ್ಲಿ ಎತ್ತುವುದಕ್ಕೂ ಭಾರಕ್ಕೂ ನಂಟಿದೆ. ತರಗತಿಯಲ್ಲಿ ಈ ಜೋಡಿಯನ್ನು ಬೋರ್ಡಿನ ಮೇಲೆ ಬರೆದು ತೋರಿಸಿ, ಮಕ್ಕಳು ಮರೆಯುವುದಿಲ್ಲ.

ಮೂರು ಪ್ರಶ್ನೆ

ವಾಕ್ಯದಲ್ಲಿ ಹೀವ್ ಸಿಕ್ಕಿದಾಗ ನಿಘಂಟಿಗೆ ಕೈ ಹಾಕುವ ಮೊದಲು ಇಷ್ಟು ಕೇಳಿಕೊಳ್ಳಿ. ಒಬ್ಬರು ಇನ್ನೊಂದು ವಸ್ತುವನ್ನು ಹೀವ್ ಮಾಡುತ್ತಿದ್ದಾರೆಯೇ? ಹಾಗಿದ್ದರೆ ಎತ್ತುವ, ಎಸೆಯುವ, ಎಳೆಯುವ ಗುಂಪು. ವಸ್ತುವೇ ತಾನಾಗಿ ಹೀವ್ ಆಗುತ್ತಿದೆಯೇ? ಹಾಗಿದ್ದರೆ ಏರಿಳಿತದ ಗುಂಪು. ಮುಂದೆ ‘ಟು’, ‘ಇನ್ಟು ವ್ಯೂ’, ‘ಹೋ’, ‘ಎ ಸೈ’ ಇವುಗಳಲ್ಲಿ ಯಾವುದಾದರೂ ಅಂಟಿಕೊಂಡಿದೆಯೇ? ಹಾಗಿದ್ದರೆ ಅದು ನುಡಿಗಟ್ಟು, ಬಿಡಿಬಿಡಿಯಾಗಿ ಅನುವಾದಿಸಬೇಡಿ. ಹತ್ತರಲ್ಲಿ ಒಂಬತ್ತು ವಾಕ್ಯ ಇಷ್ಟರಲ್ಲೇ ಬಗೆಹರಿಯುತ್ತವೆ.

ಎತ್ತುವ ಹೀವ್

ಇಂಗ್ಲಿಷು ಶ್ರಮ, ದಿಕ್ಕು, ಬಿಡುವಿಕೆ ಮೂರನ್ನೂ ಒಂದೇ ಕ್ರಿಯಾಪದದಲ್ಲಿ ತುಂಬುತ್ತದೆ. ಕನ್ನಡ ಹಾಗೆ ತುಂಬುವುದಿಲ್ಲ, ಕ್ರಿಯಾಪದಗಳನ್ನು ಸರದಂತೆ ಪೋಣಿಸುತ್ತದೆ. ಆದ್ದರಿಂದ ಒಂದು ಹೀವ್‌ಗೆ ಎರಡು ಅಥವಾ ಮೂರು ಕನ್ನಡ ಕ್ರಿಯಾಪದ ಬಳಸಲು ಹಿಂಜರಿಯಬೇಡಿ. ಶ್ರಮಕ್ಕೆ ತಿಣುಕು, ಮುಕ್ಕುರಿ, ಅವಡುಗಚ್ಚು, ಉಸಿರು ಕಟ್ಟು ಇವುಗಳಲ್ಲಿ ಒಂದು. ದಿಕ್ಕಿಗೆ ಎತ್ತು ಅಥವಾ ಏರಿಸು. ಕೊನೆಗೆ ಹಾಕು, ಎಸೆ, ಒಗೆ, ಉರುಳಿಸು.

‘ದೇ ಹೀವ್ಡ್ ದ ಸ್ಯಾಕ್ ಆನ್ಟು ದ ಲಾರಿ’ ಎಂಬುದನ್ನು ತೆಗೆದುಕೊಳ್ಳಿ. ‘ಅವರು ಚೀಲವನ್ನು ಲಾರಿಗೆ ಎತ್ತಿದರು’ ಎಂದರೆ ತಪ್ಪಲ್ಲ, ಆದರೆ ಚೀಲದಲ್ಲಿ ಹತ್ತಿ ಇತ್ತೋ ಅಡಿಕೆ ಇತ್ತೋ ಗೊತ್ತಾಗುವುದಿಲ್ಲ. ‘ತಿಣುಕುತ್ತ ಚೀಲ ಎತ್ತಿ ಲಾರಿಗೆ ಹಾಕಿದರು’ ಎಂದಾಗ ಭಾರ ಕಾಣುತ್ತದೆ. ತೂಗಿ ಎಸೆದದ್ದು ಮುಖ್ಯವಾದರೆ ‘ಚೀಲವನ್ನು ತೂಗಿ ಲಾರಿಯೊಳಗೆ ಒಗೆದರು’ ಎನ್ನಿ. ಮೂರು ತುಂಡನ್ನೂ ಪ್ರತಿಸಲ ಹಾಕಬೇಕಾಗಿಲ್ಲ. ಕತೆಯಲ್ಲಿ ಆ ಕ್ಷಣಕ್ಕೆ ಯಾವುದು ಬೇಕೋ ಅದನ್ನು ಉಳಿಸಿಕೊಂಡು ಉಳಿದದ್ದನ್ನು ಬಿಡಿ. ಮೂರನ್ನೂ ತುರುಕಿದರೆ ವಾಕ್ಯವೇ ಹೊರೆಯಾಗುತ್ತದೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನೂ ಒಂದು ಸೂಕ್ಷ್ಮವಿದೆ. ಸೊಪ್ಪಿನ ಬೆಟ್ಟದಿಂದ ಸೊಪ್ಪು ತರುವಾಗ ಹೊರೆಯನ್ನು ತಲೆಗೇರಿಸಲು ಇನ್ನೊಬ್ಬರ ಕೈ ಬೇಕು. ಆ ಇನ್ನೊಬ್ಬರು ಮಾಡುವ ಕೆಲಸಕ್ಕೆ ‘ಹೊರಿಸು’ ಎಂಬ ಪದ ನಮ್ಮಲ್ಲಿ ಸಿದ್ಧವಾಗಿದೆ, ಒಬ್ಬಳೇ ಮಾಡಿದರೆ ‘ತಲೆಗೇರಿಸಿಕೊಂಡಳು’. ಇಂಗ್ಲಿಷು ಎರಡಕ್ಕೂ ಹೀವ್ ಎಂದೇ ಬರೆದಿರಬಹುದು. ತಲೆ ಯಾರದ್ದು ಎಂದು ನೋಡಿ ‘ಕೊಳ್ಳು’ ಸೇರಿಸಬೇಕೋ ಬೇಡವೋ ತೀರ್ಮಾನಿಸಿ.

ಇದರ ಪಕ್ಕದಲ್ಲೇ ದೊಡ್ಡ ಗುಂಡಿಯೊಂದಿದೆ. ‘ಹೀ ಹೀವ್ಡ್ ಹಿಮ್‌ಸೆಲ್ಫ್ ಔಟ್ ಆಫ್ ದ ಚೇರ್’ ಎಂಬಂಥ ವಾಕ್ಯಕ್ಕೆ ‘ತನ್ನನ್ನು ತಾನು ಕುರ್ಚಿಯಿಂದ ಎತ್ತಿಕೊಂಡ’ ಎಂದು ಬರೆಯುವವರಿದ್ದಾರೆ. ಕನ್ನಡದಲ್ಲಿ ಯಾರೂ ತಮ್ಮನ್ನು ತಾವು ಎತ್ತಿಕೊಳ್ಳುವುದಿಲ್ಲ, ಏಳುತ್ತಾರೆ. ‘ಕುರ್ಚಿಯ ಕೈಗೆ ಭಾರ ಕೊಟ್ಟು ಮುಲುಕುತ್ತ ಎದ್ದ’ ಎಂದರೆ ಆಯಿತು. ಹೀಗೆಯೇ, ‘ಹಿಮ್‌ಸೆಲ್ಫ್, ಹರ್‌ಸೆಲ್ಫ್’ ಬಂದಲ್ಲೆಲ್ಲ ಏಳು, ಹತ್ತು, ಹೊರಳು, ತೆವಳು ಎಂಬ ತನ್ನಷ್ಟಕ್ಕೆ ನಡೆಯುವ ಕ್ರಿಯಾಪದ ಹುಡುಕಿ.

ನೆರೆಯ ಪದಗಳ ಜೊತೆ ತೂಗಿ ನೋಡುವುದೂ ಒಳ್ಳೆಯದು. ‘ಲಿಫ್ಟ್’ ಎಂದರೆ ಬರೀ ಎತ್ತುವುದು, ಹಗುರವೂ ಇರಬಹುದು. ‘ಹಾಯ್ಸ್ಟ್’ ಎಂದರೆ ಹಗ್ಗ, ರಾಟೆ, ಯಂತ್ರದಿಂದ ಮೇಲೇರಿಸುವುದು, ಬಾವುಟ ಏರುವುದು ಹೀಗೆ. ‘ಹಾಲ್’ ಎಂದರೆ ದೂರದವರೆಗೂ ಎಳೆದು ಸಾಗಿಸುವುದು. ಹೀವ್ ಒಂದೇ ಏಟಿನ ಬಲ, ಬೇಕಾದರೆ ಇನ್ನೊಂದು ಏಟು. ಸಕ್ರೆಬೈಲಿನ ಆನೆ ಸೊಂಡಿಲಿನಿಂದ ಸೊಪ್ಪಿನ ಕೊಂಬೆ ಎತ್ತಿಕೊಂಡರೆ ಅದು ಹೀವ್ ಅಲ್ಲ, ಆನೆಗೆ ಅದು ಹುಲ್ಲುಕಡ್ಡಿ. ಅದೇ ಆನೆ ತಲೆ ತಗ್ಗಿಸಿ, ದಂತ ಕೊಟ್ಟು, ಹಿಂಗಾಲು ಊರಿ ನಾಟಾ ಮೇಲೆತ್ತಿದರೆ ಹೀವ್. ಯಾರು ಎತ್ತಿದರು ಎಂಬುದಲ್ಲ, ಎತ್ತಿದವರಿಗೆ ಅದು ಎಷ್ಟು ಭಾರ ಎಂಬುದೇ ಲೆಕ್ಕ.

ಕ್ರಿಕೆಟ್ ವರದಿಯಲ್ಲೂ ಈ ಪದ ಬರುತ್ತದೆ. ಚೆಂಡನ್ನು ಕೈಬಲದಿಂದ ಲೆಗ್ ಕಡೆಗೆ ಎತ್ತಿ ಬಾರಿಸಿದರೆ ಹೀವ್. ಅದರಲ್ಲಿ ಶಕ್ತಿ ಇದೆ, ಸೊಗಸು ಇಲ್ಲ ಎಂಬ ಧ್ವನಿ ಉಂಟು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ಟಿಗೆ ಯಾವ ವರದಿಗಾರರೂ ಈ ಪದ ಹಚ್ಚುವುದಿಲ್ಲ. ಕನ್ನಡಕ್ಕೆ ‘ಎತ್ತಿ ಬಾರಿಸಿದರು’ ಸರಿಹೋಗುತ್ತದೆ, ‘ಆಕರ್ಷಕ ಹೊಡೆತ’ ಎಂದರೆ ಅರ್ಥ ತಲೆಕೆಳಗು.

ಹಗ್ಗದ ಮಾತು ಬಂದಾಗ ಎಚ್ಚರ. ‘ಹೀವ್ ಆನ್ ದ ರೋಪ್’ ಎಂದರೆ ಹಗ್ಗವನ್ನು ಎತ್ತುವುದಲ್ಲ, ಹಿಡಿದು ಜಗ್ಗುವುದು. ‘ಜಗ್ಗು’ ಎಂಬ ಪದದಲ್ಲಿ ಆ ಏಟಿನ ಬಲ ಇದೆ, ‘ಎಳೆ’ಯಲ್ಲಿ ಅಷ್ಟಿಲ್ಲ.

ಕೂಗು

‘ಹೀವ್-ಹೋ’ ಎಂಬುದು ನಾವಿಕರು ಲಂಗರು, ಹಾಯಿ ಎಳೆಯುವಾಗ ಹಾಕುತ್ತಿದ್ದ ಕೂಗು. ಇದನ್ನು ಕನ್ನಡ ಲಿಪಿಯಲ್ಲಿ ಹಾಗೇ ಇಳಿಸಿದರೆ ಓದುಗರ ಕಿವಿಗೆ ಏನೂ ತಟ್ಟುವುದಿಲ್ಲ. ನಮ್ಮ ಬಾಯಲ್ಲಿ ‘ಐಸಾ... ಐಸಾ’, ‘ಐಲೇಸಾ’ ಇವೆ, ಅವನ್ನೇ ಬಳಸಿ. ತೇರು ಎಳೆಯುವ ದೃಶ್ಯವಾದರೆ ಅಲ್ಲಿ ಐಸಾ ಬರುವುದಿಲ್ಲ, ದೇವರ ಹೆಸರಿನ ಜಯಕಾರ ಬರುತ್ತದೆ.

ಕೂಗು ಕೆಲಸ ಮಾಡುವ ಬಗೆ ಗೊತ್ತಿದ್ದರೆ ಅನುವಾದವೂ ನೇರವಾಗುತ್ತದೆ. ಒಬ್ಬರು ಮುಂದಾಳಾಗಿ ಸಾಲು ಹೇಳುತ್ತಾರೆ. ಆ ಹೊತ್ತಿನಲ್ಲಿ ಉಳಿದವರು ಹಿಡಿತ ಸರಿಮಾಡಿಕೊಂಡು ಉಸಿರು ಎಳೆದುಕೊಳ್ಳುತ್ತಾರೆ. ‘ಐ’ ಎಂದಾಗ ಮೈ ಬಿಗಿ, ‘ಸಾ’ ಎಂದಾಗ ಎಲ್ಲರೂ ಒಟ್ಟಿಗೆ ಜಗ್ಗು. ಒಬ್ಬರು ಅರ್ಧ ಕ್ಷಣ ಮೊದಲು ಜಗ್ಗಿದರೂ ಭಾರವೆಲ್ಲ ಅವರ ಸೊಂಟಕ್ಕೇ ಬೀಳುತ್ತದೆ, ದಿಮ್ಮಿ ಅಲ್ಲಾಡುವುದೇ ಇಲ್ಲ. ಆದ್ದರಿಂದ ಸಂಭಾಷಣೆಯಲ್ಲಿ ಕೂಗನ್ನು ಎರಡು ತುಂಡಾಗಿ ಬರೆಯಿರಿ, ನಡುವೆ ಉಸಿರಿಗೆ ಜಾಗ ಬಿಡಿ. ‘ಒಂದು, ಎರಡು, ಮೂರು, ಎತ್ತಿ!’ ಎಂಬುದು ಆಸ್ಪತ್ರೆಯ ಸ್ಟ್ರೆಚರಿಗೆ ಒಪ್ಪುತ್ತದೆ, ಕಾಡಿನ ನಾಟಾಕ್ಕೆ ಒಪ್ಪುವುದಿಲ್ಲ.

ಇದೇ ‘ಹೀವ್-ಹೋ’ ಕೆಲಸದಿಂದ ತೆಗೆದುಹಾಕುವ ಅರ್ಥಕ್ಕೂ ಹೊರಳಿದೆ. ‘ಹೀ ಗಾಟ್ ದ ಹೀವ್-ಹೋ’ ಎಂದರೆ ಅವನನ್ನು ಕಿತ್ತುಹಾಕಿದರು. ನಮ್ಮ ಪತ್ರಿಕೆಗಳ ‘ಕೊಕ್’, ‘ಗೇಟ್‌ಪಾಸ್’ ಇದಕ್ಕೆ ಹೇಳಿಮಾಡಿಸಿದ ಹಾಗಿವೆ. ‘ಎತ್ತಂಗಡಿ’ ಮಾತ್ರ ಬೇಡ. ಅದರಲ್ಲಿ ‘ಎತ್ತು’ ಇದೆ ನಿಜ, ಆದರೆ ಎತ್ತಂಗಡಿಯಾದ ಅಧಿಕಾರಿಗೆ ಕೆಲಸ ಉಳಿದಿರುತ್ತದೆ, ಊರು ಬದಲಾಗಿರುತ್ತದೆ ಅಷ್ಟೆ.

ತಾನಾಗಿ ಏರಿಳಿಯುವ ಹೀವ್

ಎರಡನೆಯ ಗುಂಪು ಇದು, ಹೆಚ್ಚು ತಪ್ಪಾಗುವುದೂ ಇಲ್ಲೇ. ಇಲ್ಲಿ ಲಯವೇ ಮುಖ್ಯ. ಮೇಲೆ ಹೋದದ್ದು ಕೆಳಗೆ ಬರಬೇಕು, ಮತ್ತೆ ಮೇಲೆ ಹೋಗಬೇಕು. ಆದ್ದರಿಂದ ‘ಉಬ್ಬಿತು’ ಎಂದು ಒಂದೇ ದಿಕ್ಕು ಹೇಳಿದರೆ ಅರ್ಧ ಅರ್ಥ ಹೋಯಿತು. ಕನ್ನಡದಲ್ಲಿ ಲಯ ತರಲು ಮೂರು ದಾರಿ: ‘ಏರಿಳಿ’ಯಂಥ ಜೋಡಿಪದ, ‘ಎದ್ದೆದ್ದು ಬೀಳು’ವಿನಂಥ ದ್ವಿರುಕ್ತಿ, ‘-ತ್ತಿತ್ತು’ ಎಂದು ಮುಂದುವರಿಯುವ ರೂಪ.

ಓಡಿ ಬಂದವನ ಎದೆಗೆ: ‘ಎದೆ ಏರಿಳಿಯುತ್ತಿತ್ತು’, ‘ಏದುಸಿರು ಬಿಡುತ್ತಿದ್ದ’. ‘ಎದೆಯುಬ್ಬಿಸಿ ನಿಂತಿದ್ದ’ ಎಂದು ಬರೆದರೆ ದಣಿದವನು ಹೆಮ್ಮೆಪಟ್ಟವನಾಗುತ್ತಾನೆ. ಅಳುವವಳ ಹೆಗಲಿಗೆ: ‘ಬಿಕ್ಕಿದಾಗಲೆಲ್ಲ ಹೆಗಲು ಕುಲುಕುತ್ತಿತ್ತು’. ಗದ್ದೆ ಉತ್ತು ನಿಂತ ಎತ್ತಿಗೆ: ‘ಪಕ್ಕೆ ಬಡಿದುಕೊಳ್ಳುತ್ತಿತ್ತು’. ಉಸಿರಿನ ಪದಗಳಲ್ಲೂ ಆಯ್ಕೆ ಇದೆ. ದಣಿವಿನಿಂದಾದರೆ ಏದು, ತೇಕು. ಕಾಯಿಲೆಯಿಂದಾದರೆ ಉಬ್ಬಸ. ಕುದುರೆಗಳಿಗೆ ಬರುವ ‘ಹೀವ್ಸ್’ ಎಂಬ ಕಾಯಿಲೆ ಈ ಎರಡನೆಯ ಸಾಲಿಗೆ ಸೇರಿದ್ದು. ಒಣಹುಲ್ಲಿನ ದೂಳು, ಬೂಷ್ಟಿನಿಂದ ಶ್ವಾಸನಾಳ ಬಿಗಿದುಕೊಂಡು, ಉಸಿರು ಹೊರಹಾಕಲು ಕುದುರೆ ಹೊಟ್ಟೆಯ ಸ್ನಾಯುಗಳನ್ನು ಒತ್ತಬೇಕಾಗುತ್ತದೆ. ಅದನ್ನು ‘ಕುದುರೆಯ ಉಬ್ಬಸ’ ಎಂದರೆ ಪಶುಪಾಲಕರಿಗೆ ತಿಳಿಯುತ್ತದೆ.

ನೀರಿನ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಹೀವ್ ಎಂದರೆ ನೀರು ಇದ್ದಲ್ಲೇ ಮೇಲೆದ್ದು ಕೆಳಗಿಳಿಯುವುದು. ಮಳೆಗಾಲದಲ್ಲಿ ಶಿವಮೊಗ್ಗದ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿಸಿ ಹರಿಯುವ ತುಂಗೆಯದು ಹೀವ್ ಅಲ್ಲ, ಅದು ನುಗ್ಗು, ಭೋರ್ಗರೆ. ಅಲ್ಲಿ ನೀರು ಮುಂದಕ್ಕೆ ಹೋಗುತ್ತಿದೆ. ಗಾಳಿ ಎದ್ದ ದಿನ ಶರಾವತಿ ಹಿನ್ನೀರಿನ ನಡುವೆ ನಿಂತ ದೋಣಿ ಮೇಲೆ ಹೋಗಿ ಕೆಳಗೆ ಬರುತ್ತದಲ್ಲ, ಅದು ಹೀವ್. ‘ಮೊರೆ’, ‘ಅಬ್ಬರಿಸು’ ಸದ್ದಿನ ಪದಗಳು, ಹೀವ್‌ನಲ್ಲಿ ಸದ್ದಿಲ್ಲ. ‘ಉಕ್ಕು’ ಎಂದರೆ ಅಂಚು ಮೀರಿ ಚೆಲ್ಲಿದ ಹಾಗೆ. ‘ಕಡಲು ಉಸಿರಾಡಿದಂತೆ ಏರಿಳಿಯುತ್ತಿತ್ತು’ ಎಂದು ಬರೆದರೆ ಪದದ ಹತ್ತಿರಕ್ಕೆ ಹೋದಂತೆ.

ಜನಜಂಗುಳಿಗೂ ಇದೇ ಪದ. ‘ದ ಮಾರ್ಕೆಟ್ ವಾಸ್ ಹೀವಿಂಗ್’ ಎಂದರೆ ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಹಬ್ಬದ ಹಿಂದಿನ ದಿನದ ಶಿವಮೊಗ್ಗದ ಗಾಂಧಿ ಬಜಾರನ್ನು ನೆನೆಸಿಕೊಳ್ಳಿ: ‘ಗಿಜಿಗುಡುತ್ತಿತ್ತು’, ‘ಜನ ಕಿಕ್ಕಿರಿದಿದ್ದರು’. ‘ಮಾರುಕಟ್ಟೆ ಏರಿಳಿಯುತ್ತಿತ್ತು’ ಎಂದರೆ ಓದುಗರು ಅಡಿಕೆ ಧಾರಣೆಯ ಸುದ್ದಿ ಎಂದುಕೊಳ್ಳುತ್ತಾರೆ.

ನಿಟ್ಟುಸಿರು ಮತ್ತು ಓಕರಿಕೆ

‘ಹೀವ್ ಎ ಸೈ’ ಬಂದಾಗ ಕೈ ತಾನಾಗಿ ‘ನಿಟ್ಟುಸಿರು ಬಿಟ್ಟರು’ ಎಂದು ಬರೆಯುತ್ತದೆ. ನಿಡಿದಾದ ಉಸಿರು ನಿಟ್ಟುಸಿರು, ಅಂದರೆ ಉದ್ದನೆಯದು. ಕನ್ನಡ ಕಾವ್ಯದ ಬಳಕೆಯಲ್ಲಿ ಅದಕ್ಕೆ ದುಃಖದ ನೆರಳಿದೆ. ಈಚೆಗೆ ಪತ್ರಿಕೆಗಳು ‘ಮಳೆ ನಿಂತಿದ್ದರಿಂದ ಜನ ನಿಟ್ಟುಸಿರು ಬಿಟ್ಟರು’ ಎಂದು ನೆಮ್ಮದಿಗೂ ಅದನ್ನೇ ಬಳಸುತ್ತವೆ. ಬಳಕೆ ಹಬ್ಬಿಬಿಟ್ಟಿದೆ, ತಪ್ಪೆನ್ನಲು ಬಾರದು. ಆದರೂ ವಾಕ್ಯದಲ್ಲಿ ‘ರಿಲೀಫ್’ ಇದ್ದರೆ ‘ನಿರಾಳವಾಗಿ ಉಸಿರು ಬಿಟ್ಟರು’, ಮನೆಮಾತಾದರೆ ‘ಉಸ್ಸಪ್ಪಾ ಎಂದರು’ ಎಂದು ಬರೆಯುವುದೇ ಮೇಲು. ದುಃಖಕ್ಕೆ ನಿಟ್ಟುಸಿರನ್ನು ಉಳಿಸಿಕೊಳ್ಳೋಣ, ಅಷ್ಟು ಚಂದದ ಪದ ಸವೆದುಹೋಗಬಾರದು.

ಹೊಟ್ಟೆಯ ಹೀವ್ ಆಸ್ಪತ್ರೆಯ ಕಾಗದಪತ್ರದಲ್ಲಿ ಸಿಕ್ಕರೆ ಮೂರು ಹಂತ ಬೇರೆ ಮಾಡಲೇಬೇಕು. ಹೊಟ್ಟೆ ತೊಳೆಸುವುದು ಮೊದಲನೆಯದು, ಒಳಗಿನ ಸಂಕಟ ಮಾತ್ರ. ಎರಡನೆಯದು ಓಕರಿಕೆ: ಹೊಟ್ಟೆ, ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ) ಹಿಂಡಿಕೊಂಡು ಗಂಟಲು ಎಳೆಯುತ್ತದೆ, ಸದ್ದು ಬರುತ್ತದೆ, ಏನೂ ಹೊರಬರುವುದಿಲ್ಲ. ಮೂರನೆಯದು ವಾಂತಿ. ಹೀವ್ ಎಂದರೆ ಈ ಎರಡನೆಯದು, ‘ಡ್ರೈ ಹೀವ್ಸ್’ ಎಂದಾಗಲಂತೂ ಸ್ಪಷ್ಟವಾಗಿ ಅದೇ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕೂತವರಿಗೆ ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ಅಂತರ ವಿವರಿಸಬೇಕಿಲ್ಲ. ‘ಒಣ ಓಕರಿಕೆ’ ಎಂಬುದನ್ನು ವಾಂತಿ ಎಂದು ಬರೆದರೆ ವೈದ್ಯರು ‘ಏನು ಹೊರಬಂತು, ಯಾವ ಬಣ್ಣ’ ಎಂದು ಇಲ್ಲದ್ದನ್ನು ಕೇಳುತ್ತಾರೆ.

ನಾವಿಕರ ಹೀವ್, ಕಸುಬುಗಳ ಹೀವ್

ಭೂತಕಾಲ ಸಾಮಾನ್ಯವಾಗಿ ‘ಹೀವ್ಡ್’. ಹಡಗಿನ ಮಾತಿನಲ್ಲಿ ಮಾತ್ರ ‘ಹೋವ್’. ಕತೆಯಲ್ಲಿ ‘ಹೋವ್’ ಕಂಡರೆ ಎತ್ತುವ ಅರ್ಥವನ್ನು ಮರೆತುಬಿಡಿ. ‘ಹೋವ್ ಇನ್ಟು ವ್ಯೂ’ ಎಂದರೆ ದೂರದಿಂದ ಕಾಣಿಸಿಕೊಂಡಿತು. 2025ರಲ್ಲಿ ಸೇತುವೆ ಆಗುವ ಮೊದಲು, ಶರಾವತಿ ಹಿನ್ನೀರಿನ ಹೊಳೆಬಾಗಿಲಿನ ದಡದಲ್ಲಿ ಕಾಯುತ್ತಿದ್ದವರಿಗೆ ಆಚೆಯಿಂದ ಬರುವ ಲಾಂಚು ಮೊದಲು ಚುಕ್ಕಿಯಾಗಿ, ಆಮೇಲೆ ಲಾಂಚಾಗಿ ಕಾಣುತ್ತಿದ್ದ ಹಾಗೆ. ‘ಹೋವ್ ಟು’ ಎಂದರೆ ಹಾಯಿಗಳನ್ನು ಒಂದಕ್ಕೊಂದು ಎದುರಾಗಿ ತಿರುಗಿಸಿ, ಲಂಗರು ಹಾಕದೆಯೇ ಹಡಗನ್ನು ಹೆಚ್ಚು ಕಡಿಮೆ ಇದ್ದಲ್ಲೇ ನಿಲ್ಲಿಸುವುದು. ‘ಹಡಗು ತಡೆದು ನಿಂತಿತು’ ಸಾಕು.

ಹಡಗಿನ ಎಂಜಿನಿಯರುಗಳು ಚಲನೆಯನ್ನು ಆರು ಬಗೆಯಾಗಿ ವಿಂಗಡಿಸುತ್ತಾರೆ. ಅದರಲ್ಲಿ ಹೀವ್ ಎಂದರೆ ಇಡೀ ಹಡಗು ನೇರವಾಗಿ ಮೇಲೆ ಕೆಳಗೆ ಹೋಗುವುದು. ಮೂತಿ ಎದ್ದು ಹಿಂಬದಿ ತಗ್ಗಿದರೆ ಪಿಚ್, ಪಕ್ಕಕ್ಕೆ ಹೊರಳಿದರೆ ರೋಲ್. ಪಠ್ಯದಲ್ಲಿ ಇವು ಒಟ್ಟಿಗೆ ಬಂದರೆ ಎಲ್ಲಕ್ಕೂ ‘ಹೊಯ್ದಾಟ’ ಎನ್ನಬೇಡಿ. ಹೀವ್‌ಗೆ ‘ಲಂಬ ಏರಿಳಿತ’ ಎಂದು ಕಟ್ಟುನಿಟ್ಟಾಗಿ ಕೊಡಿ.

ಕಟ್ಟಡ, ರಸ್ತೆ ಕೆಲಸದವರ ಹೀವ್ ನೆಲ ಉಬ್ಬುವುದು. ಚಳಿದೇಶಗಳಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ, ಮಂಜುಗಡ್ಡೆಯ ಪದರ ಬೆಳೆದು, ರಸ್ತೆಯನ್ನೇ ಮೇಲೆತ್ತುತ್ತದೆ. ನಮ್ಮಲ್ಲಿ ಮಂಜುಗಡ್ಡೆ ಇಲ್ಲ, ಆದರೆ ಬಯಲುಸೀಮೆಯ ಎರೆಮಣ್ಣು ನೀರು ಕುಡಿದು ಉಬ್ಬಿ ಮನೆಯ ನೆಲಗಟ್ಟು ಬಿರುಕುಬಿಡುವುದೂ ಇದೇ ಜಾತಿಯದು. ಮಲೆನಾಡಿನ ಜಂಬಿಟ್ಟಿಗೆ ನೆಲ ಹಾಗೆ ಉಬ್ಬುವುದಿಲ್ಲ. ಆದ್ದರಿಂದ ಇಲ್ಲಿನ ಓದುಗರಿಗೆ ಬರೆಯುವಾಗ ‘ನೆಲದುಬ್ಬು’ ಎಂದು ಹೇಳಿ ಒಂದು ಸಾಲು ವಿವರಣೆ ಸೇರಿಸಿ.

ಹೃದಯ ತಜ್ಞರ ಬರಹದಲ್ಲಿ ‘ಪ್ಯಾರಾಸ್ಟರ್ನಲ್ ಹೀವ್’ ಬರುತ್ತದೆ. ರೋಗಿಯ ಎದೆಮೂಳೆಯ ಎಡ ಅಂಚಿನ ಮೇಲೆ ವೈದ್ಯರು ಅಂಗೈಯ ಬುಡ ಇಡುತ್ತಾರೆ. ಹೃದಯದ ಬಲ ಹೃತ್ಕುಕ್ಷಿ (ಬಲಗಡೆಯ ಕೆಳಕೋಣೆ) ದಪ್ಪಗಾಗಿದ್ದರೆ ಪ್ರತಿ ಬಡಿತಕ್ಕೂ ಆ ಕೈ ಮೇಲೇಳುತ್ತದೆ. ಇದು ರೋಗಿ ಏದುವುದಲ್ಲ, ಉಸಿರಿಗೂ ಸಂಬಂಧವಿಲ್ಲ. ‘ಅಂಗೈಯನ್ನು ಎತ್ತುವ ಬಡಿತ’ ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ಎಲ್ಲರನ್ನೂ ಬೀಳಿಸುವುದು ಭೂವಿಜ್ಞಾನದ ಹೀವ್. ನೆಲದ ಪದರ ಸೀಳಿ ಸರಿದಾಗ ಎಷ್ಟು ಮೇಲೆ ಕೆಳಗೆ ಸರಿಯಿತು ಎಂಬುದು ‘ಥ್ರೋ’, ಎಷ್ಟು ಅಡ್ಡಕ್ಕೆ ಸರಿಯಿತು ಎಂಬುದು ‘ಹೀವ್’. ಎತ್ತುವ ಪದ ಇಲ್ಲಿ ಅಡ್ಡ ಅಳತೆಗೆ ಹೆಸರಾಗಿದೆ. ‘ಅಡ್ಡಸರಿತ’ ಎಂದು ಬರೆಯದೆ ‘ಮೇಲೆತ್ತಿಕೆ’ ಎಂದು ಬರೆದರೆ ಲೆಕ್ಕವೇ ಅದಲುಬದಲು.

ಒಂದೇ ಹೀವ್ ಎರಡು ಕೆಲಸ ಮಾಡುವ ವಾಕ್ಯಗಳೂ ಸಿಗುತ್ತವೆ. ‘ದ ಡೆಕ್ ಹೀವ್ಡ್, ಅಂಡ್ ಸೋ ಡಿಡ್ ಹೀ’ ಎಂಬುದನ್ನು ನೋಡಿ. ಡೆಕ್ಕು ಏರಿಳಿಯಿತು, ಅವನು ಓಕರಿಸಿದ. ಬಿಡಿಸಿ ಬರೆದರೆ ಅರ್ಥ ಉಳಿಯುತ್ತದೆ, ಎರಡನ್ನೂ ಕಟ್ಟಿದ ಗಂಟು ಬಿಚ್ಚಿಹೋಗುತ್ತದೆ. ಇಂಥಲ್ಲಿ ಹೀವ್ ಪದವನ್ನೇ ಬದಿಗಿಟ್ಟು, ಎರಡಕ್ಕೂ ಹೊಂದುವ ಕನ್ನಡ ಕ್ರಿಯಾಪದ ಯಾವುದು ಎಂದು ಬಾಯಲ್ಲಿ ಹೇಳಿಕೊಂಡು ನೋಡಿ. ಏರಿಳಿ ಹೊಟ್ಟೆಗೆ ಒಪ್ಪದು, ತೊಳೆಸು ಡೆಕ್ಕಿಗೆ ಒಪ್ಪದು. ‘ಮೇಲೆ ಬಾ’ ಎರಡಕ್ಕೂ ಒಪ್ಪುತ್ತದೆ: ‘ಕಾಲ ಕೆಳಗಿನ ಹಲಗೆ ಮೇಲೆ ಬಂತು, ಹೊಟ್ಟೆಯಲ್ಲಿದ್ದದ್ದೂ ಮೇಲೆ ಬಂದಂತಾಯಿತು.’